ಅಕ್ಕನನ್ನು ನಿಲ್ಲಿಸಲು ಪುಣೆಗೆ

ನಾನು ಪುಣೆಗೆ ಹೋದದ್ದು ಊರು ನೋಡಲಿಕ್ಕಲ್ಲ, ನಮ್ಮ ಅಕ್ಕನನ್ನು ಓಡದಂತೆ ತಡೆಯಲಿಕ್ಕೆ. ಶುಕ್ರವಾರ ಸಂಜೆ ತುಮಕೂರಿನ ಮನೆಯಿಂದ ಹೊರಡುವಾಗ ಎಂಬತ್ತಮೂರು ವರ್ಷದ ಅಮ್ಮ ಗೋಡೆ ಹಿಡಿದುಕೊಂಡು ಬಾಗಿಲಿನವರೆಗೆ ಬಂದಳು. "ಅವಳನ್ನ ನಿಲ್ಲಿಸಿಯೇ ಬಾ. ನಿಲ್ಲಿಸೋಕೆ ಆಗದಿದ್ರೆ ನೀನೂ ಅಲ್ಲೇ ಇರು," ಎಂದಳು. ಹೊರಡುವವರಿಗೆ ಹೇಳುವ ಮಾತೇ ಇದು ಎಂದು ನನಗೆ ಸಿಟ್ಟು ಬಂದರೂ, ಅವಳ ಕಾಲಿಗೆ ನಮಸ್ಕರಿಸಿ ಚೀಲ ಎತ್ತಿಕೊಂಡೆ.

ನಮ್ಮ ವಿಮಲಕ್ಕನಿಗೆ ಅರವತ್ತೊಂದು. ಧಾರವಾಡದ ಕಡೆಯವರಿಗೆ ಮದುವೆಯಾಗಿ ಪುಣೆ ಸೇರಿ ಮೂವತ್ತೇಳು ವರ್ಷವಾಯಿತು. ಹಿಂದಿನ ವಾರ ಫೋನ್ ಮಾಡಿ, ಉಪ್ಪಿನಕಾಯಿ ಹಾಕಿದೆ ಎನ್ನುವಷ್ಟೇ ಹಗುರವಾಗಿ, "ಮುಂದಿನ ಭಾನುವಾರ ಇಲ್ಲೆ ಮ್ಯಾರಥಾನ್ ಅದ. ಇಪ್ಪತ್ತೊಂದು ಕಿಲೋಮೀಟರ್ ಓಡ್ತೀನಿ," ಎಂದಿದ್ದಳು. ನನ್ನ ಕೈಯಲ್ಲಿದ್ದ ಸೌಟು ಸಾರಿನೊಳಗೆ ಬಿತ್ತು. ನಮ್ಮ ಮನೆಯವರ ಎದೆಯ ಕಥೆ ಅವಳಿಗೆ ಗೊತ್ತಿಲ್ಲವೇ? ಅಪ್ಪ ಐವತ್ತೇಳಕ್ಕೆ ತಮ್ಮ ಪುಸ್ತಕದ ಅಂಗಡಿಯ ಗಲ್ಲಾದ ಮುಂದೆ ಕುಸಿದರು. ಅಣ್ಣ ಐವತ್ತೊಂಬತ್ತಕ್ಕೆ ಬಸ್ಸಿಗೆ ಕಾಯುತ್ತ ನಿಂತವನು ನಿಂತಲ್ಲೇ ಹೋದ. ಇಬ್ಬರೂ ಒಂದು ದಿನ ಕಾಯಿಲೆ ಎಂದು ಮಲಗಿದವರಲ್ಲ. ಇಂಥ ಮನೆಯಲ್ಲಿ ಹುಟ್ಟಿದವಳು ಅರವತ್ತೊಂದಕ್ಕೆ ಓಡುತ್ತೇನೆ ಎಂದರೆ ಯಾರ ಎದೆ ಧಸಕ್ಕೆನ್ನುವುದಿಲ್ಲ?

ರೈಲು ಸಂಜೆ ಏಳಕ್ಕೆ ಬಂತು. ತುಮಕೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಮೀರಜ್ ದಾರಿಯಾಗಿ ಪುಣೆಗೆ ಒಂಬೈನೂರು ಚಿಲ್ಲರೆ ಕಿಲೋಮೀಟರ್. ಎ.ಸಿ. ಡಬ್ಬಿಗೆ ಸಾವಿರದ ನಾನೂರರ ಆಸುಪಾಸು ಟಿಕೆಟ್. ಊಟಕ್ಕೆ ಮನೆಯಿಂದಲೇ ಚಪಾತಿ, ಹುರುಳಿಕಾಯಿ ಪಲ್ಯ, ಮೊಸರನ್ನ ಕಟ್ಟಿಕೊಂಡಿದ್ದೆ. ಅಕ್ಕನಿಗೆ ಹೇಳಬೇಕಾದ ಬೈಗುಳಗಳನ್ನು ಮನಸ್ಸಿನಲ್ಲೇ ಜೋಡಿಸುತ್ತ ಅರಸೀಕೆರೆ ದಾಟುವ ಹೊತ್ತಿಗೆ ನಿದ್ದೆ ಹೋದೆ.

ಬೆಳಿಗ್ಗೆ ಮೀರಜ್ ದಾಟಿದ ಮೇಲೆ ನಿಲ್ದಾಣಗಳ ಫಲಕಗಳನ್ನು ಓದುತ್ತ ಕುಳಿತೆ. ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷದಿಂದ ಕನ್ನಡ ಕಲಿಸುತ್ತಿರುವವಳು. ಪದಗಳ ವಿಷಯದಲ್ಲಿ ಸ್ವಲ್ಪ ಜಂಬ ಇದೆ, ಸುಳ್ಳು ಹೇಳುವುದಿಲ್ಲ. ಎದುರಿಗೆ ಕುಳಿತಿದ್ದ ಸಾಂಗ್ಲಿಯ ಮುದುಕರೊಬ್ಬರು ಮರಾಠಿ ಪತ್ರಿಕೆ ಓದುತ್ತಿದ್ದರು. ಅವರ ಪತ್ರಿಕೆಯ ತಲೆಬರಹಗಳನ್ನು ತಲೆಕೆಳಗಾಗಿಯೇ ಓದಿದೆ. ಅರ್ಧಕ್ಕರ್ಧ ಪದಗಳು ನಮ್ಮವೇ. ಹಿಂದಿ ಬರುತ್ತದೆ, ಸಂಸ್ಕೃತ ಗೊತ್ತು, ಇನ್ನು ಮರಾಠಿ ಯಾವ ಲೆಕ್ಕ ಎಂದುಕೊಂಡೆ.

ಆ ಜಂಬಕ್ಕೆ ಪುಣೆ ಸ್ಟೇಷನ್ನಿನಲ್ಲೇ ಮೊದಲ ಪೆಟ್ಟು ಬಿತ್ತು. ಭಾವ ರಿಕ್ಷಾ ನಿಲ್ದಾಣದ ಹತ್ತಿರ ನಿಂತಿರುತ್ತೇನೆ ಎಂದಿದ್ದರು. ದಾರಿ ಕೇಳಿದರೆ ಒಬ್ಬ ಹಮಾಲ "ಸರಳ ಜಾ" ಎಂದ. ಸರಳವೋ ಕಷ್ಟವೋ ನಾನು ನೋಡಿಕೊಳ್ಳುತ್ತೇನೆ, ದಾರಿ ಹೇಳಪ್ಪ ಎಂದು ಹಿಂದಿಯಲ್ಲಿ ರೇಗಿದೆ. ಅವನು ಮತ್ತೆ "ಸರಳ, ಸರಳ" ಎಂದು ಕೈ ಮುಂದೆ ಚಾಚಿದ. ಭಾವ ಸಿಕ್ಕ ಮೇಲೆ ಇದನ್ನು ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸರಳ ಅಂದ್ರ ಇಲ್ಲೆ ಸೀದಾ ಅಂತ್ರೀ. ನಿಮ್ಮ ಕನ್ನಡ ಇಲ್ಲೆ ನಡಿಯಂಗಿಲ್ಲ ನೋಡ್ರಿ ಟೀಚರ್. ಪ್ರಯಾಣ ಭಾಳ ತ್ರಾಸ ಆತೇನು?"

ನಾನೂ ನಕ್ಕೆ. ನಕ್ಕು ಅಲ್ಲಿಗೇ ಬಿಟ್ಟೆ. ಪಾಠ ಕಲಿಸುವವರಿಗೆ ಪಾಠ ಕಲಿಯುವ ಅಭ್ಯಾಸ ಇರುವುದಿಲ್ಲ.

ಅಕ್ಕನ ಮನೆ ಬಿಬವೇವಾಡಿಯಲ್ಲಿ, ಸ್ಟೇಷನ್ನಿನಿಂದ ಏಳೆಂಟು ಕಿಲೋಮೀಟರ್. ಮಧ್ಯಾಹ್ನದ ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ರಿಕ್ಷಾದಿಂದ ಇಳಿಯುವಾಗ ಎದುರಿನ ಮಾರುಕಟ್ಟೆ ಕಡೆಯಿಂದ ಮೆಂತ್ಯದ ಸೊಪ್ಪು ಹಿಡಿದುಕೊಂಡು ಒಬ್ಬಳು ಬರುತ್ತಿದ್ದಳು. ಕಪ್ಪು ಬಣ್ಣದ ಬಿಗಿ ಪ್ಯಾಂಟು, ಗಿಳಿಹಸಿರು ಟೀ ಶರ್ಟು, ಕಾಲಿಗೆ ಬೂಟು. ಯಾರೋ ಮರಾಠಿ ಹುಡುಗಿ ಎಂದುಕೊಂಡೆ. ಹತ್ತಿರ ಬಂದಾಗ ಅದು ನಮ್ಮ ಅಕ್ಕ! ತಲೆ ಪೂರ್ತಿ ಬೆಳ್ಳಗಾಗಿದೆ, ನಡಿಗೆ ಮಾತ್ರ ಹದಿನಾರರದು. ನಾನು ಬಾಯಿ ತೆರೆದವಳು ಮುಚ್ಚಲಿಲ್ಲ. ಅಕ್ಕನನ್ನು ಸೀರೆ ಬಿಟ್ಟು ಬೇರೆ ಉಡುಪಿನಲ್ಲಿ ನೋಡಿದ್ದು ಅವಳ ಲಂಗದ ಕಾಲದಲ್ಲಿ.

"ಏನೇ ಹಂಗ ನೋಡ್ತೀದಿ? ಒಳಗ ಬಾ, ನೊಣ ಹೊಕ್ಕೀತು," ಎಂದಳು.

ಅವಳ ಮಾತೂ ಅವಳ ಉಡುಪಿನಷ್ಟೇ ಬದಲಾಗಿದೆ. ತುಮಕೂರಿನಲ್ಲಿ ಹುಟ್ಟಿದ ನಾಲಿಗೆ ಈಗ ಪೂರ್ತಿ ಧಾರವಾಡದ್ದು.

ಸಂಜೆಯವರೆಗೂ ವಾದ ಮಾಡಿದೆ. ಅಮ್ಮ ಬಾಗಿಲಲ್ಲಿ ಆಡಿದ ಮಾತು ಹೇಳಿದೆ, ಅಪ್ಪನನ್ನು ನೆನಪಿಸಿದೆ, ಅಣ್ಣನನ್ನು ನೆನಪಿಸಿದೆ. ಅಕ್ಕ ಬೀರುವಿನಿಂದ ಒಂದು ದಪ್ಪ ಫೈಲು ತಂದು ಮುಂದಿಟ್ಟಳು. ಓಡುವ ಯಂತ್ರದ ಮೇಲೆ ಓಡಿಸಿ ಎದೆ ಪರೀಕ್ಷಿಸಿದ ವರದಿ, ರಕ್ತದ ವರದಿ, ಡಾಕ್ಟರು ಓಡಬಹುದು ಎಂದು ಬರೆದುಕೊಟ್ಟ ಚೀಟಿ, ಐದು ತಿಂಗಳಿಂದ ಓಡಿ ಅಭ್ಯಾಸ ಮಾಡಿದ ಲೆಕ್ಕ.

"ಕಾಗದ ಓದಿಕೊಂಡು ಎದೆ ಬಡಿಯಲ್ಲ ಅಕ್ಕ," ಎಂದೆ.

"ಅದಿರ್ಲಿ. ನೀ ಬಿಪಿ ಯಾವಾಗ ನೋಡಿಸಿದ್ದಿ? ಮೂರು ವರ್ಷ ಆತು ಹೇಳ್ಕೋತ."

"ಮಾತು ಬದಲಾಯಿಸಬೇಡ. ನಾನೇನು ಓಡ್ತಾ ಇದ್ದೀನಾ?"

ಬಿಪಿ ನೋಡಿಸುವುದು ನನಗಾಗದ ಕೆಲಸ. ನೋಡಿಸಿದರೆ ತಾನೇ ಕಾಯಿಲೆ ಎಂಬುದು ನನ್ನ ಧೋರಣೆ. ಶಾಲೆಗೆ ಆರೋಗ್ಯ ತಪಾಸಣೆಯವರು ಬಂದ ದಿನ ನಾನು ರಜೆ ಹಾಕುತ್ತೇನೆ.

ಕೊನೆಗೆ ಊಟ ಬಿಡುತ್ತೇನೆ ಎಂದು ಹೆದರಿಸಿದೆ. ಅಕ್ಕ ಹೆದರದೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿಕೊಂಡು ನನ್ನೆದುರೇ ಕುಳಿತಳು. ಆ ಘಮಕ್ಕೆ ನನ್ನ ಸತ್ಯಾಗ್ರಹ ಹತ್ತು ನಿಮಿಷವೂ ನಿಲ್ಲಲಿಲ್ಲ. ಮೂರು ರೊಟ್ಟಿ ತಿಂದು ಎದ್ದೆ. ಆಮೇಲೆ ಯಾರೂ ನೋಡದ ಹೊತ್ತಿನಲ್ಲಿ ಅವಳ ಬಲಗಾಲಿನ ಬೂಟನ್ನು ಅಡುಗೆಮನೆಯ ಅಕ್ಕಿ ಡಬ್ಬಿಯ ಹಿಂದೆ ತುರುಕಿ ಬಂದೆ.

ಭಾನುವಾರ ಬೆಳಗಿನ ಜಾವ ಎದ್ದು ನೋಡಿದರೆ ಅಕ್ಕನ ಎರಡು ಕಾಲಿಗೂ ಬೂಟಿತ್ತು. "ಅಕ್ಕಿ ಡಬ್ಬಿ ಹಿಂದ ಮುಚ್ಚಿಡೂದು ನೀ ಎಂಟನೇ ವಯಸ್ಸಿನಿಂದ ಮಾಡ್ಕೋತ ಬಂದೀದಿ," ಎಂದು ಎದೆಯ ಮೇಲೆ ನಂಬರಿನ ಚೀಟಿಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು. ಅವಳ ಜೊತೆ ಓಡುವ ಚೈತ್ರಾ ಎಂಬ ಹುಡುಗಿ ಕಾರು ತಂದಿದ್ದಳು. ಮೈಸೂರಿನವಳು, ಖರಾಡಿಯ ಕಂಪನಿಯೊಂದರಲ್ಲಿ ಕೆಲಸ. "ಡೋಂಟ್ ವರಿ ಆಂಟಿ, ನಾನು ಫುಲ್ ಟೈಮ್ ಇವರ ಪಕ್ಕದಲ್ಲೇ ಇರ್ತೀನಿ. ನಮ್ಮ ಗ್ರೂಪಲ್ಲಿ ಇವರೇ ಸ್ಟ್ರಾಂಗು," ಎಂದಳು. ಅವಳ ಸಮಾಧಾನ ನನ್ನ ಕಿವಿಗೆ ಹೋಗಲಿಲ್ಲ. ಅಕ್ಕ ಹೊಸಿಲು ದಾಟುವಾಗ ನಾನು ಬೇಕೆಂದೇ ಬೆನ್ನು ತಿರುಗಿಸಿ ನಿಂತೆ. ಈಗಲೂ ಆ ಕ್ಷಣ ನೆನೆದರೆ ನಾಚಿಕೆಯಾಗುತ್ತದೆ.

ಓಟ ಆರಕ್ಕೆ ಹದಿನೈದು ನಿಮಿಷವಿರುವಾಗ ಸ್ವಾರಗೇಟ್ ಹತ್ತಿರದ ಮೈದಾನದಿಂದ ಶುರು. ಸಿಂಹಗಡ ರಸ್ತೆ ಹಿಡಿದು ಊರಾಚೆಗೆ ಹೋಗಿ ಅದೇ ರಸ್ತೆಯಲ್ಲಿ ಮರಳಿ ಬರಬೇಕು. ಮೂರೂವರೆ ಗಂಟೆಯೊಳಗೆ, ಅಂದರೆ ಒಂಬತ್ತೂಕಾಲರೊಳಗೆ ಮುಟ್ಟಿದರೆ ಪದಕ, ಇಲ್ಲದಿದ್ದರೆ ಇಲ್ಲ. ಭಾವ ಮತ್ತು ನಾನು ಏಳೂವರೆಗೆ ಹದಿನೆಂಟನೇ ಕಿಲೋಮೀಟರಿನ ಕಲ್ಲಿನ ಹತ್ತಿರ ಹೋಗಿ ನಿಂತೆವು. ಅಲ್ಲಿ ಓಡುವವರಿಗೆ ನೀರು, ಉಪ್ಪು ಹಚ್ಚಿದ ಕಿತ್ತಳೆ ತೊಳೆ, ಶೇಂಗಾ ಚಿಕ್ಕಿ ಇಟ್ಟಿದ್ದರು. ಪಕ್ಕದಲ್ಲಿ ಢೋಲು ತಾಶೆಯವರ ಮೇಳ. ಎದೆಗೂಡು ಅದುರುವಂಥ ಸದ್ದು.

ರಸ್ತೆಯಲ್ಲಿ ನಾನು ಕಂಡದ್ದನ್ನು ಊರಿನಲ್ಲಿ ಹೇಳಿದರೆ ನಂಬುವುದು ಕಷ್ಟ. ಎಪ್ಪತ್ತು ದಾಟಿದ ಅಜ್ಜ ಚಡ್ಡಿಯಲ್ಲಿ ಓಡುತ್ತಿದ್ದರು. ಒಂಬತ್ತುಗಜದ ಸೀರೆಯನ್ನು ಕಚ್ಚೆ ಹಾಕಿ ಮೂಗುತಿ ಇಟ್ಟ ಹೆಂಗಸರ ಗುಂಪೊಂದು ಓಡುತ್ತ ಬಂತು. ಕಣ್ಣು ಕಾಣದ ತರುಣನೊಬ್ಬ ಗೆಳೆಯನ ಮಣಿಕಟ್ಟಿಗೆ ಕಟ್ಟಿದ ದಾರ ಹಿಡಿದು ಓಡುತ್ತಿದ್ದ. ಅವರನ್ನೆಲ್ಲ ನೋಡಿ ಒಂದು ಕ್ಷಣ ನನ್ನ ಕಣ್ಣು ತುಂಬಿದ್ದು ನಿಜ. ಆದರೆ ಮರುಕ್ಷಣವೇ ಪ್ರತಿಯೊಬ್ಬರ ಎದೆಯೊಳಗೆ ಏನು ನಡೆಯುತ್ತಿದೆಯೋ ಎಂಬ ಯೋಚನೆ. ಬಿದ್ದರು, ಈಗ ಬಿದ್ದರು ಎಂದು ಎಣಿಸುತ್ತ ನಿಂತಿದ್ದೆ.

ಏಳೂಮುಕ್ಕಾಲಾದರೂ ಅಕ್ಕನ ಸುಳಿವಿಲ್ಲ. ಭಾವ ನನ್ನ ಚಡಪಡಿಕೆ ನೋಡಲಾರದೆ ಚಹಾ ತರುತ್ತೇನೆಂದು ಎದುರಿನ ಗಲ್ಲಿಗೆ ಹೋದರು. ನನ್ನ ಕೈಚೀಲ, ಫೋನು ಅವರ ಹತ್ತಿರವೇ ಇತ್ತು. ನೀರಿನ ಮೇಜಿನ ಬಳಿ ಕೊರಳಿಗೆ ಸೀಟಿ ಹಾಕಿಕೊಂಡ ಇಬ್ಬರು ಸ್ವಯಂಸೇವಕರಿದ್ದರು. ಅವರಲ್ಲಿ ಹಿರಿಯನನ್ನು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ನನ್ನ ದೀದಿ, ಅರವತ್ತರ ಮೇಲೆ ವಯಸ್ಸು, ಗಿಳಿಹಸಿರು ಟೀ ಶರ್ಟು, ಇನ್ನೂ ಬಂದಿಲ್ಲ, ಎಲ್ಲಿರಬಹುದು?

ಅವನು ಕೈಗಡಿಯಾರ ನೋಡಿದ. ತಲೆಯಾಡಿಸಿದ. ಪಕ್ಕದವನ ಕಡೆ ತಿರುಗಿ ಮರಾಠಿಯಲ್ಲಿ ಹೇಳಿದ: "ಸಾಠ್ ವರ್ಷಾಂಚ್ಯಾ ಬಾಈಂನಾ ತೋ ಪೂಲ್ ಅವಘಡಚ್ ಆಹೇ."

ಸಾಠ್ ಎಂದರೆ ಅರವತ್ತು. ಬಾಈ ಎಂದರೆ ಹೆಂಗಸು. ಪೂಲ್ ಎಂದರೆ ಸೇತುವೆ. ಅಲ್ಲಿಂದ ಒಂದೂವರೆ ಕಿಲೋಮೀಟರ್ ಹಿಂದೆ ಒಂದು ಮೇಲ್ಸೇತುವೆ ಇದ್ದದ್ದನ್ನು ಬರುವಾಗಲೇ ನೋಡಿದ್ದೆ. ಇನ್ನು ಅವಘಡ. ಆ ಪದಕ್ಕೆ ನನಗೆ ಯಾರೂ ಅರ್ಥ ಹೇಳಬೇಕಾಗಿಲ್ಲ. ರಸ್ತೆಯಲ್ಲಿ ಅವಘಡ, ಕಾರ್ಖಾನೆಯಲ್ಲಿ ಅವಘಡ ಎಂದು ನಮ್ಮ ಪತ್ರಿಕೆಯವರು ದಿನಾ ಬರೆಯುತ್ತಾರೆ. ಎಷ್ಟು ಮಕ್ಕಳ ಉತ್ತರಪತ್ರಿಕೆಯಲ್ಲಿ ಆ ಪದದ ಕಾಗುಣಿತ ತಿದ್ದಿದ್ದೇನೋ.

ಅರವತ್ತು ವರ್ಷದ ಹೆಂಗಸು. ಸೇತುವೆ. ಅವಘಡ.

ಆಮೇಲೆ ನಾನೇನು ಮಾಡಿದೆ ಎಂದು ನನಗೇ ಸರಿಯಾಗಿ ಗೊತ್ತಿಲ್ಲ. ಮತ್ತೊಮ್ಮೆ ಕೇಳಬೇಕು ಎನ್ನಿಸಲಿಲ್ಲ. ರಸ್ತೆಯ ಬದಿಗೆ ಕಟ್ಟಿದ್ದ ಹಗ್ಗದ ಕೆಳಗೆ ನುಗ್ಗಿದೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಚಪ್ಪಲಿ ಕೈಗೆತ್ತಿಕೊಂಡೆ. ಓಡಿದೆ. ಐವತ್ತಾರು ವರ್ಷದ ನಾನು, ಬಸ್ಸು ಹಿಡಿಯಲೂ ಓಡದವಳು, ಸಾವಿರಾರು ಜನ ಎದುರಿಗೆ ಬರುತ್ತಿದ್ದ ರಸ್ತೆಯಲ್ಲಿ ಅವರಿಗೆ ವಿರುದ್ಧವಾಗಿ ಓಡಿದೆ.

ಹಿಂದಿನಿಂದ ಸೀಟಿಯ ಮೇಲೆ ಸೀಟಿ. ಎದುರಿನವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಇದೂ ಒಂದು ತಮಾಷೆ ಎಂದುಕೊಂಡಿರಬೇಕು, ರಸ್ತೆಯ ಬದಿಯವರು "ಚಲಾ ಕಾಕೂ, ಚಲಾ!" ಎಂದು ಚಪ್ಪಾಳೆ ತಟ್ಟಿದರು. ಢೋಲಿನವರು ನನಗಾಗಿಯೇ ಇನ್ನೂ ಜೋರಾಗಿ ಬಾರಿಸಿದರು. ಒಬ್ಬ ಹುಡುಗಿ ನನ್ನ ಕೈಗೆ ಕಿತ್ತಳೆ ತೊಳೆ ತುರುಕಿದಳು. ನಾನು ಅದನ್ನು ಹಿಂಡಿಕೊಂಡೇ ಓಡುತ್ತಿದ್ದೆ, ಮುಂಗೈವರೆಗೂ ರಸ ಇಳಿಯುತ್ತಿತ್ತು. ಅಮ್ಮನಿಗೆ ಏನು ಹೇಳಲಿ, ಅಮ್ಮನಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ. ಬೆಳಿಗ್ಗೆ ಬೆನ್ನು ತಿರುಗಿಸಿ ನಿಂತಿದ್ದೆನಲ್ಲ, ಅದೇ ಕೊನೆಯೇ?

ಸೇತುವೆಯ ಏರು ಹತ್ತುವಾಗ ಉಸಿರು ಗಂಟಲಿನಲ್ಲೇ ನಿಂತಿತು. ಅಷ್ಟರಲ್ಲಿ ಮೇಲಿನಿಂದ ಗಿಳಿಹಸಿರು ಟೀ ಶರ್ಟು ಇಳಿದು ಬರುತ್ತಿದ್ದುದು ಕಂಡಿತು. ಬೆಳ್ಳನೆಯ ತಲೆ, ಪಕ್ಕದಲ್ಲಿ ಚೈತ್ರಾ. ಇಬ್ಬರೂ ಏನೋ ಹರಟೆ ಹೊಡೆಯುತ್ತ ಹಗುರವಾಗಿ ಓಡಿ ಬರುತ್ತಿದ್ದರು.

ಅಕ್ಕ ನನ್ನನ್ನು ನೋಡಿದಳು. ನಗುತ್ತಿದ್ದ ಮುಖ ಒಮ್ಮೆಲೇ ಬೂದಿಯಾಯಿತು. ಕಾಲು ನಿಂತವು.

"ಅಮ್ಮ?" ಎಂದಳು.

ನನಗೆ ಆಗ ಹೊಳೆಯಿತು. ಕೆದರಿದ ಕೂದಲು, ಎತ್ತಿ ಕಟ್ಟಿದ ಸೀರೆ, ಬರಿಗಾಲು, ಓಟದ ನಡುವೆ ಅಳುತ್ತ ಎದುರಿಗೆ ಬಂದ ತಂಗಿ. ಇದಕ್ಕೆ ಇರುವ ಅರ್ಥ ಒಂದೇ. ಇಲ್ಲ, ಅಮ್ಮ ಚೆನ್ನಾಗಿದ್ದಾಳೆ ಎನ್ನಲು ಬಾಯಿ ತೆರೆದರೆ ಉಸಿರು ಬಿಟ್ಟು ಬೇರೇನೂ ಬರಲಿಲ್ಲ. ನನ್ನ ಮೌನವನ್ನೇ ಹೌದೆಂದು ತಿಳಿದ ಅಕ್ಕ ರಸ್ತೆಯ ಮಧ್ಯದಲ್ಲಿ ಕುಕ್ಕರಿಸಿ ಕುಳಿತು ಎರಡೂ ಕೈಯಿಂದ ತಲೆ ಹಿಡಿದುಕೊಂಡಳು.

"ಅಮ್ಮ... ಆರಾಮಾಗಿದ್ದಾಳೆ," ಕೊನೆಗೂ ಹೊರಟಿತು. "ನಿನಗೇನಾಯ್ತು?"

"ನನಗೇನಾಗಬೇಕು?"

"ಅವಘಡ ಅಂದ್ರಲ್ಲ. ಸೇತುವೆ ಮೇಲೆ ಅರವತ್ತು ವರ್ಷದ ಹೆಂಗಸಿಗೆ ಅವಘಡ ಅಂದ್ರು."

ಅಕ್ಕ ಕುಳಿತಲ್ಲಿಂದಲೇ ನನ್ನನ್ನು ನೋಡಿದಳು. "ಅಯ್ಯ ಹುಚ್ಚಿ! ಅವಘಡ ಅಂದ್ರ ಮರಾಠಿಯೊಳಗ ಕಷ್ಟ ಅಂತ. ವಯಸ್ಸಾದವ್ರಿಗೆ ಈ ಏರು ಕಷ್ಟ ಅಂದಿರ್ಬೇಕು ಅವ."

ಚೈತ್ರಾಳಿಗೆ ನಗು ತಡೆಯಲಾಗಲಿಲ್ಲ. ಅಕ್ಕನೂ ನಕ್ಕಳು, ಕಣ್ಣೀರು ಒರೆಸಿಕೊಂಡು ಎದ್ದಳು. ಮೂವತ್ತು ವರ್ಷ ಪದಗಳ ಅರ್ಥ ಹೇಳಿಕೊಟ್ಟವಳು ಒಂದೇ ಪದಕ್ಕೆ ಸೋತು ಒಂದೂವರೆ ಕಿಲೋಮೀಟರ್ ಓಡಿ ಬಂದಿದ್ದೆ. ನಾನೂ ನಗಲು ನೋಡಿದೆ. ಸೇತುವೆಯ ಕಟ್ಟೆ ಹಿಡಿದುಕೊಂಡಿದ್ದ ಕೈ ಜಾರಿತು. ಕಣ್ಣ ಮುಂದೆ ಕರಿ ಚುಕ್ಕಿಗಳು ಓಡಾಡಿದವು, ಕಿವಿಯೊಳಗೆ ಢೋಲಿಗಿಂತ ಜೋರಾದ ಬಡಿತ.

ಅಕ್ಕನ ನಗು ನಿಂತಿತು. "ಸುಮಿ, ನಿನ್ನ ಮಾರಿ ಯಾಕ ಹಿಂಗಾಗೇದ?"

ಸೇತುವೆಯ ಬುಡದಲ್ಲಿ ಓಡುವವರಿಗಾಗಿ ವೈದ್ಯರ ಡೇರೆ ಇತ್ತು. ಇಬ್ಬರೂ ನನ್ನ ರಟ್ಟೆ ಹಿಡಿದು ಅಲ್ಲಿಗೆ ಕರೆದೊಯ್ದರು. ಮೀಸೆ ಚಿಗುರುತ್ತಿದ್ದ ಡಾಕ್ಟರು ನನ್ನನ್ನು ಮಂಚದ ಮೇಲೆ ಮಲಗಿಸಿ ತೋಳಿಗೆ ಪಟ್ಟಿ ಸುತ್ತಿದರು. ಯಂತ್ರ ನೋಡಿದರು, ತಟ್ಟಿದರು, ಕೆಟ್ಟಿರಬೇಕೆಂದು ಇನ್ನೊಂದು ತಂದರು. ಅದರಲ್ಲೂ ಅದೇ: ಮೇಲಿನದು ಇನ್ನೂರ ಹತ್ತು, ಕೆಳಗಿನದು ನೂರ ಇಪ್ಪತ್ತು. ಯಂತ್ರ ಸರಿಯಿದೆಯೋ ಇಲ್ಲವೋ ನೋಡಲು ಅಕ್ಕನ ತೋಳಿಗೆ ಸುತ್ತಿದರು. ಹದಿನಾರು ಕಿಲೋಮೀಟರ್ ಓಡಿ ಬಂದವಳದು ನೂರ ಮೂವತ್ತು, ಎಂಬತ್ತು.

ಓಡಿ ಬಂದದ್ದಕ್ಕೆ, ಗಾಬರಿಗೆ ಏರಿರಬಹುದು, ಅರ್ಧ ಗಂಟೆ ಮಲಗಲಿ, ಮತ್ತೆ ನೋಡೋಣ ಎಂದರು ಡಾಕ್ಟರು. ಆಗ ಗಂಟೆ ಎಂಟೂಕಾಲು.

"ಆಂಟಿ, ಇನ್ನೂ ಒನ್ ಅವರ್ ಇದೆ. ನಡ್ಕೊಂಡು ಹೋದ್ರೂ ಫಿನಿಶ್ ಆಗತ್ತೆ. ನಾನು ಇವರ ಜೊತೆ ಇರ್ತೀನಿ, ನೀವು ಹೋಗಿ," ಎಂದಳು ಚೈತ್ರಾ ಅಕ್ಕನಿಗೆ.

"ಹೋಗಕ್ಕ," ಎಂದೆ ನಾನು. ಆ ಮಾತು ನನ್ನ ಬಾಯಿಂದ ಬಂದದ್ದು ನನಗೇ ಆಶ್ಚರ್ಯ. ಅವಳು ಓಡುವುದನ್ನು ನಾನು ಕಣ್ಣಾರೆ ನೋಡಿದ್ದು ಆ ಸೇತುವೆಯ ಮೇಲೆಯೇ. ಅವಳು ಇಳಿದು ಬರುತ್ತಿದ್ದ ರೀತಿಯಲ್ಲಿ ಭಯ ಪಡುವಂಥದ್ದು ಏನೂ ಇರಲಿಲ್ಲ. "ನನಗೇನೂ ಆಗಿಲ್ಲ. ಹೋಗು, ಓಡು. ಐದು ತಿಂಗಳು ಕಷ್ಟಪಟ್ಟಿದ್ದೀಯ."

"ಸುಮ್ನ ಮಲಗು," ಎಂದಳು ಅಕ್ಕ. ಚೈತ್ರಾಳ ಬೆನ್ನಿಗೆ ಕೈಹಾಕಿ ಡೇರೆಯಿಂದ ಹೊರಗೆ ತಳ್ಳಿ, "ನೀ ಓಡು ಪುಟ್ಟಿ," ಎಂದು ಕಳಿಸಿದಳು. ಆಮೇಲೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ನನ್ನ ತಲೆಯ ಹತ್ತಿರ ಕುಳಿತಳು. ಡೇರೆಯ ಹೊರಗೆ ಕಾಲುಗಳು ದಡದಡನೆ ಹೋಗುತ್ತಿದ್ದವು. ಅವಳು ಒಮ್ಮೆಯೂ ಆ ಕಡೆ ನೋಡಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ನೋಡದೆ ಇರಲು ಅವಳು ಪಡುತ್ತಿದ್ದ ಪ್ರಯತ್ನ ನನಗೆ ಕಾಣುತ್ತಿತ್ತು. ಅಕ್ಕನನ್ನು ನಿಲ್ಲಿಸಲು ಬಂದಿದ್ದೆ. ನಿಲ್ಲಿಸಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಕೆಟ್ಟದಾಗಿ ನಾನು ಯಾವತ್ತೂ ಗೆದ್ದಿರಲಿಲ್ಲ.

ಅರ್ಧ ಗಂಟೆಯ ಮೇಲೂ ಮೇಲಿನದು ನೂರ ತೊಂಬತ್ತರ ಕೆಳಗಿಳಿಯಲಿಲ್ಲ. ಆಂಬುಲೆನ್ಸಿನಲ್ಲಿ ಹತ್ತಿರದ ಆಸ್ಪತ್ರೆಗೆ ಕಳಿಸಿದರು. ಬಾಗಿಲಲ್ಲಿ ಗಾಲಿಕುರ್ಚಿ ತಂದವರು ಬೂಟು, ನಂಬರಿನ ಚೀಟಿ ನೋಡಿ ಅಕ್ಕನನ್ನೇ ಹಿಡಿದು ಅದರಲ್ಲಿ ಕೂರಿಸಿದರು. "ನಾ ಅಲ್ಲೋ, ಆಕಿ!" ಎಂದು ಅವಳು ಕನ್ನಡದಲ್ಲೇ ಕೂಗಿದಳು. ಸೀರೆ ಸೆರಗು ಸರಿಮಾಡಿಕೊಳ್ಳುತ್ತ ಇಳಿದ ನನ್ನನ್ನು ಅವರು ನಂಬದವರಂತೆ ನೋಡಿದರು. ಅಷ್ಟರಲ್ಲಿ ಭಾವ ಎರಡು ಕಡೆ ಫೋನ್ ಮಾಡಿ ಹುಡುಕಿಕೊಂಡು ಬಂದರು. ಕೈಯಲ್ಲಿ ನನ್ನ ಪಾಲಿನ ಚಹಾದ ಕಾಗದದ ಲೋಟ ಇನ್ನೂ ಇತ್ತು.

ಮಧ್ಯಾಹ್ನದವರೆಗೆ ಇಸಿಜಿ, ಎಕೋ ಎಲ್ಲ ಆಯಿತು. ಎದೆ ಡಾಕ್ಟರಮ್ಮ ಚಿತ್ರ ತೋರಿಸಿ, ಹೃದಯದ ಎಡಭಾಗದ ಗೋಡೆ ದಪ್ಪಗಾಗಿದೆ, ಇದು ಇವತ್ತಿನ ಬಿಪಿ ಅಲ್ಲ, ಎಷ್ಟೋ ವರ್ಷದಿಂದ ಇದೆ ಎಂದು ಹಿಂದಿಯಲ್ಲಿ ಹೇಳಿದರು. ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ಅಕ್ಕ ಅಪ್ಪನ ವಯಸ್ಸು ಹೇಳಿದಳು, ಅಣ್ಣನ ವಯಸ್ಸು ಹೇಳಿದಳು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ನನ್ನ ವಯಸ್ಸು ಕೇಳಿದರು. ಐವತ್ತಾರು ಎಂದೆ. ಅವರು ಮತ್ತೆ ಬರೆಯತೊಡಗಿದರು.

ಆ ದಿನ ಸಂಜೆ ಮನೆಗೆ ಬಿಟ್ಟರು. ಎರಡು ಬಗೆಯ ಗುಳಿಗೆ, ಉಪ್ಪು ಕಡಿಮೆ, ಎರಡು ದಿನ ಪ್ರಯಾಣ ಬೇಡ, ಊರಿಗೆ ಹೋದ ವಾರದೊಳಗೆ ಎದೆ ಡಾಕ್ಟರನ್ನು ನೋಡಬೇಕು. ಸೋಮವಾರದ ಟಿಕೆಟ್ ಬುಧವಾರಕ್ಕೆ ಬದಲಾಯಿತು. ಮಂಗಳವಾರ ಅಕ್ಕ ಅಡುಗೆಮನೆಯಲ್ಲಿ ಉಪ್ಪಿಲ್ಲದ ಸಾರು ಮಾಡುತ್ತಿದ್ದಾಗ ಹತ್ತಿರ ಹೋಗಿ ನಿಂತೆ.

"ನಿನ್ನ ಓಟ ಕೆಡಿಸಿಬಿಟ್ಟೆ ಅಕ್ಕ."

ಪರವಾಗಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಸೌಟು ಕೆಳಗಿಟ್ಟಳು. "ಹೌದು, ಕೆಡಿಸಿದಿ. ಮೂರು ವರ್ಷದಿಂದ ಬಿಪಿ ನೋಡಿಸು, ನೋಡಿಸು ಅಂತ ಬಡ್ಕೊಂಡೆ. ನೋಡಿಸಿದ್ದಿದ್ರ ನಾ ಓಡಿ ಮುಗಸ್ತಿದ್ದೆ. ಆ ಸೇತುವೆ ಮ್ಯಾಲೆ ನೀ ಬಿದ್ದಿದ್ರ ಅಮ್ಮಗ ನಾ ಏನಂತ ಹೇಳ್ತಿದ್ದೆ?" ಮತ್ತೆ ಒಲೆಯ ಕಡೆ ತಿರುಗಿದಳು.

ಬುಧವಾರ ಮಧ್ಯಾಹ್ನ ಅಕ್ಕ, ಭಾವ ಸ್ಟೇಷನ್ನಿಗೆ ಬಂದು ಕೂರಿಸಿದರು. "ಅಮ್ಮ ಫೋನ್ ಮಾಡಿದಾಗೆಲ್ಲ ಸುಮಿನ ಹೇಳ್ತಾಳ ಅಂದೀನಿ, ನಾ ಏನೂ ಹೇಳಿಲ್ಲ. ನೀನ ಹೇಳು, ಖರೇನ ಹೇಳು," ಎಂದಳು ಅಕ್ಕ ಕಿಟಕಿಯ ಗಾಜಿಗೆ ಬಾಯಿಟ್ಟು. ರೈಲು ಹೊರಟ ಮೇಲೆ ಇಬ್ಬರೂ ಚಿಕ್ಕವರಾಗುತ್ತ ಹೋದರು.

ಸಾತಾರೆಯ ಕಡೆ ಗುಡ್ಡಗಳು ಶುರುವಾದಾಗ ಅಮ್ಮನ ಫೋನು ಬಂತು.

"ನಿಲ್ಲಿಸಿದ್ಯಾ?"

"ನಿಲ್ಲಿಸಿದೆ ಅಮ್ಮ."

"ನಿನ್ನ ಬಾಯಿಗೆ ಸಕ್ಕರೆ ಹಾಕ!" ಎಂದಳು. ಅಷ್ಟರಲ್ಲಿ ರೈಲು ಸುರಂಗ ಹೊಕ್ಕು ಮಾತು ಕತ್ತರಿಸಿತು. ಆಚೆ ಬಂದ ಮೇಲೆ ನಾನೇ ಫೋನ್ ಮಾಡಿದೆ. ಅವಘಡದಿಂದ ಹಿಡಿದು ಡಾಕ್ಟರಮ್ಮನ ಚಿತ್ರದವರೆಗೆ ಒಂದನ್ನೂ ಮುಚ್ಚಿಡದೆ ಹೇಳಿದೆ. ಓಡಿದವಳು ಗಟ್ಟಿಯಾಗಿದ್ದಾಳೆ, ತಡೆಯಲು ಹೋದವಳ ಎದೆಯೇ ಕೆಟ್ಟಿರುವುದು ಎಂದೆ. ಮತ್ತೆ ಸುರಂಗ ಬಂತೇನೋ ಎಂದು ಕಿಟಕಿ ನೋಡಿದೆ. ಹೊರಗೆ ಬಿಸಿಲಿತ್ತು.

"ನಿಮ್ಮಪ್ಪನಿಗೆ ಬೆಳಗಾಗೆದ್ದರೆ ತಲೆನೋವು ಬರ್ತಿತ್ತು ಕಣೆ," ಎಂದಳು ಅಮ್ಮ ಕೊನೆಗೆ. "ನಿಮ್ಮಣ್ಣನಿಗೂ. ನನಗೆ ಗೊತ್ತಿತ್ತು. ಡಾಕ್ಟರ ಹತ್ರ ಹೋದ್ರೆ ಏನಾದ್ರೂ ಹೇಳಿಬಿಡ್ತಾರೆ ಅಂತ ನಾನೇ ಹೋಗಗೊಡಲಿಲ್ಲ. ಶುಂಠಿ ಅರೆದು ಹಣೆಗೆ ಹಚ್ಚಿ ಕಳಿಸ್ತಿದ್ದೆ."

ಐವತ್ತಾರು ವರ್ಷದಲ್ಲಿ ನಾನು ಆ ಮಾತನ್ನು ಮೊದಲ ಸಲ ಕೇಳುತ್ತಿದ್ದೆ. ಅಮ್ಮ, ಅಮ್ಮ ಎಂದೆ.

"ಅವಳಿಗೆ ಹೇಳು," ಎಂದಳು. "ಅಮ್ಮ ಓಡು ಅಂದ್ಲು ಅಂತ ಹೇಳು."

ಅಕ್ಕನಿಗೆ ಫೋನ್ ಮಾಡಿ ಆ ಮಾತನ್ನು ಹಾಗೆಯೇ ಹೇಳಿದೆ, ಶುಂಠಿಯ ಮಾತನ್ನೂ ಹೇಳಿದೆ. ಡೇರೆಯಲ್ಲಿ ಅಳದವಳು, ಪದಕ ಹೋದದ್ದಕ್ಕೆ ಅಳದವಳು, ಮನೆಯಲ್ಲಿ ಭಾವನ ಪಕ್ಕ ಕುಳಿತು ಸಣ್ಣ ಮಗುವಿನ ಹಾಗೆ ಅತ್ತಳು. ಮೀರಜ್ ಹತ್ತಿರವಾಗುವವರೆಗೂ ನಾವು ಫೋನು ಇಡಲಿಲ್ಲ.